ಮ್ಯಾನೇಜರ್‌ಗಳು ಒಟ್ಟಿಗೆ ಕಲಿಯೋಕೆ ಬುದ್ಧನ ‘ಪ್ರಜ್ಞೆ’ ಕೆಲಸಕ್ಕೆ ಬರತ್ತಾ?

ಪ್ರಶ್ನೆ: ನಮ್ಮದು ಬೆಳಗಾವಿಯಲ್ಲಿ ಫೌಂಡ್ರಿ, ಜೊತೆಗೊಂದು ಮೆಷಿನ್ ಶಾಪ್. ನನ್ನ ಕೈಕೆಳಗೆ ಒಂಬತ್ತು ಜನ ಮ್ಯಾನೇಜರ್‌ಗಳಿದ್ದಾರೆ. ತಿಂಗಳಿಗೊಂದು ಸಲ ಅರ್ಧ ದಿನ ಎಲ್ಲರನ್ನೂ ಕೂರಿಸಿ ಏನಾದ್ರೂ ಕಲಿಸ್ತೀವಿ. ಹೊರಗಿನವರ ಲೆಕ್ಚರ್ ಆಯ್ತು, ವಿಡಿಯೋ ಆಯ್ತು, ಮ್ಯಾನೇಜ್‌ಮೆಂಟ್ ಪುಸ್ತಕಗಳ ಸಾರಾಂಶ ಆಯ್ತು, ಈಗ ಒಬ್ಬ ಮೈಂಡ್‌ಫುಲ್‌ನೆಸ್ ಟ್ರೇನರ್ ಬರ್ತಿದ್ದಾರೆ. ಎಲ್ಲರೂ ಚೆನ್ನಾಗಿತ್ತು ಅಂತಾರೆ, ಸೋಮವಾರ ಬಂದ್ರೆ ಮತ್ತೆ ಅದೇ ರಾಗ. ಬೌದ್ಧರ ‘ಪ್ರಜ್ಞೆ’ ಅನ್ನೋ ವಿಚಾರನ ಮ್ಯಾನೇಜರ್‌ಗಳ ಕಲಿಕೆಗೆ ತರಬಹುದು ಅಂತ ಒಬ್ಬರು ಹೇಳಿದ್ರು. ಇದರಲ್ಲಿ ಹುರುಳಿದ್ಯಾ, ಇಲ್ಲ ಬರೀ ಅಲಂಕಾರನಾ? ನಮ್ಮಲ್ಲಿ ಲಿಂಗಾಯತರು, ಜೈನರು, ಮರಾಠರು, ಮುಸ್ಲಿಮರು ಎಲ್ಲಾ ಇದ್ದಾರೆ, ಬುದ್ಧನ ಹೆಸರು ತಂದ್ರೆ ತೊಂದ್ರೆ ಆಗತ್ತಾ?

ಉತ್ತರ: ಹುರುಳಿದೆ, ಆದ್ರೆ ಜನ ಸಾಮಾನ್ಯವಾಗಿ ಹುಡುಕೋದು ಬೇರೆ ಕಡೆ. ಬುದ್ಧ ಅಂದ ತಕ್ಷಣ ಕಂಪನಿಯವರು ಧ್ಯಾನದ ಕಡೆ ಓಡ್ತಾರೆ, ಹತ್ತು ನಿಮಿಷ ಕಣ್ಮುಚ್ಚಿ ಉಸಿರು ನೋಡಿ, ಟೆನ್ಷನ್ ಇಳಿಯತ್ತೆ, ಕೆಲಸ ಚುರುಕಾಗತ್ತೆ ಅಂತ. ಅದರ ಪಾಡಿಗೆ ಅದು ಒಳ್ಳೇದೇ. ನೀವು ಕೇಳಿರೋ ಪ್ರಶ್ನೆ ಮಾತ್ರ ಒಂಬತ್ತು ಜನ ಒಟ್ಟಿಗೆ ಹೇಗೆ ಜಾಣರಾಗ್ತಾರೆ ಅನ್ನೋದು, ಅದಕ್ಕೆ ಉತ್ತರ ಸಿಗೋದು ವಿನಯ ಪಿಟಕದಲ್ಲಿ, ಅಂದ್ರೆ ಭಿಕ್ಷುಗಳು ಒಂದೇ ಸೂರಿನ ಕೆಳಗೆ ಹೇಗೆ ಬಾಳಬೇಕು ಅನ್ನೋ ರೂಲ್ ಬುಕ್ಕಲ್ಲಿ. ಮ್ಯಾನೇಜ್‌ಮೆಂಟ್ ಟ್ರೇನರ್‌ಗಳು ಅದನ್ನ ತೆರೆದು ನೋಡಿದ್ದು ನಾನಂತೂ ಕಂಡಿಲ್ಲ.

ಮೊದಲು ಪ್ರಜ್ಞೆ ಅಂದ್ರೆ ಏನು ಅಂತ ಚೂರು ನೋಡೋಣ, ಯಾಕಂದ್ರೆ ನಿಮ್ಮ ಸೋಮವಾರದ ಕಾಯಿಲೆ ಅಲ್ಲೇ ಗೊತ್ತಾಗತ್ತೆ. ಬೌದ್ಧ ಗ್ರಂಥಗಳಲ್ಲಿ ಒಂದೊಂದು ಉಪದೇಶಕ್ಕೆ ಸುತ್ತ ಅಂತಾರೆ, ಅವುಗಳ ಸಂಗ್ರಹಕ್ಕೆ ನಿಕಾಯ. ದೀಘ ನಿಕಾಯದ ಸಂಗೀತಿ ಸುತ್ತದಲ್ಲಿ ಮೂರು ಥರದ ಪ್ರಜ್ಞೆ ಹೇಳಿದ್ದಾರೆ. ಕೇಳಿ ಬಂದಿದ್ದು ಸುತಮಯ, ಯೋಚನೆ ಮಾಡಿ ಬಂದಿದ್ದು ಚಿಂತಾಮಯ, ತಾನೇ ಸಾಧನೆ ಮಾಡಿ ಬಂದಿದ್ದು ಭಾವನಾಮಯ. ನಿಮ್ಮ ಅರ್ಧ ದಿನದ ಸೆಷನ್‌ಗಳನ್ನೆಲ್ಲಾ ಈ ಮೂರು ಡಬ್ಬಿಗೆ ಹಾಕಿ ನೋಡಿ, ಲೆಕ್ಚರ್ ಮೊದಲನೇದು, ವಿಡಿಯೋ ಮೊದಲನೇದು, ಪುಸ್ತಕದ ಸಾರಾಂಶ ಮೊದಲನೇದು, ಕೊನೇಲಿ ಹತ್ತು ನಿಮಿಷ ಗ್ರೂಪ್ ಡಿಸ್ಕಶನ್ ಇಟ್ಟಿದ್ರೆ ಅದು ಎರಡನೇದರ ಬಾಗಿಲ ಹತ್ರ ಹೋಗಿ ವಾಪಸ್ ಬಂದಂಗೆ. ಮೂರನೇ ಡಬ್ಬಿ ಖಾಲಿ. ಕೇಳೋದು ಬೇಡ ಅಂತ ಬೌದ್ಧರು ಎಲ್ಲೂ ಹೇಳಿಲ್ಲ, ಅಲ್ಲಿಗೇ ನಿಂತ್ರೆ ಅದು ಬೇರೆಯವರ ಪ್ರಜ್ಞೆಯಾಗೇ ಉಳಿಯತ್ತೆ ಅಷ್ಟೇ.

ಈ ಮೂರರ ವಿಂಗಡಣೆನ ನಮ್ಮ ಕಾಲದಲ್ಲಿ ಜನಸಾಮಾನ್ಯರ ಬಾಯಿಗೆ ತಂದವರು ವಿಪಸ್ಸನ ಅನ್ನೋ ಧ್ಯಾನ ಕಲಿಸಿದ ಗೋಯೆಂಕಾ, ಅವರು ಸನ್ಯಾಸಿ ಅಲ್ಲ, ಬರ್ಮಾದಲ್ಲಿದ್ದ ಮಾರ್ವಾಡಿ ಬಿಸಿನೆಸ್‌ಮ್ಯಾನ್, ತಲೆನೋವು ತಾಳಲಾರದೆ 1955ರಲ್ಲಿ ರಂಗೂನಿನ ಊ ಬಾ ಖಿನ್ ಹತ್ರ ಹೋದವರು. ಆ ಊ ಬಾ ಖಿನ್ ಯಾರು ಅಂದ್ರೆ 1948ರಲ್ಲಿ ಬರ್ಮಾ ಸ್ವತಂತ್ರ ಆದ ದಿನವೇ ದೇಶದ ಅಕೌಂಟೆಂಟ್ ಜನರಲ್ ಆದವರು, ತಮ್ಮ ಆಫೀಸಿನ ಸಿಬ್ಬಂದಿಗೇ ಕಲಿಸ್ತಿದ್ದವರು. ಲೆಡ್ಜರ್ ನೋಡೋರಿಗೂ ಪ್ರಜ್ಞೆಗೂ ಏನು ಸಂಬಂಧ ಅಂತ ನಿಮ್ಮ ಫೈನಾನ್ಸ್ ಮ್ಯಾನೇಜರ್ ಕೇಳಿದ್ರೆ ಇದನ್ನ ಹೇಳಿ. ಇನ್ನೂ ಹಿಂದಕ್ಕೆ ಹೋಗ್ಬೇಕು ಅಂದ್ರೆ ಅಂಗುತ್ತರ ನಿಕಾಯದಲ್ಲಿ ಅಂಗಡಿಯವನ ಮೇಲೆ ಒಂದು ಸುತ್ತವೇ ಇದೆ. ಒಳ್ಳೆ ವ್ಯಾಪಾರಿಗೆ ಮೂರು ಇರಬೇಕಂತೆ, ಯಾವ ಮಾಲು ಎಷ್ಟಕ್ಕೆ ತಂದ್ರೆ ಎಷ್ಟು ಲಾಭ ಅಂತ ಕಾಣೋ ಕಣ್ಣು, ಕೊಂಡು ಮಾರೋ ಕೈಚಳಕ, ಆಮೇಲೆ ಇವನಿಗೆ ದುಡ್ಡು ಕೊಟ್ರೆ ವಾಪಸ್ ಬರತ್ತೆ ಅಂತ ನಾಲ್ಕು ಜನ ನಂಬೋವಂಥ ಹೆಸರು.

ಸರಿ, ಈಗ ಭಾವನಾಮಯ ಅನ್ನೋದು ಕಣ್ಮುಚ್ಚಿ ಕೂತಾಗ ಮಾತ್ರ ಬರೋದಾ? ಇಲ್ಲಿ ನನಗೆ ತುಂಬಾ ಇಷ್ಟದ ಒಂದು ಸುತ್ತ ಇದೆ, ಮಜ್ಝಿಮ ನಿಕಾಯದ 61ನೇದು, ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದು. ಕನ್ನಡಿ ಇರೋದು ಯಾತಕ್ಕೆ ಅಂತ ಕೇಳ್ತಾನೆ, ನೋಡ್ಕೊಳ್ಳೋಕೆ ಅಂತಾನೆ ಹುಡುಗ. ಹಾಗೇ ಪ್ರತಿ ಕೆಲಸನೂ ನೋಡ್ಕೊಂಡು ನೋಡ್ಕೊಂಡು ಮಾಡು ಅಂತ ಹೇಳಿ ಮೂರು ಹೊತ್ತು ಇಡ್ತಾನೆ, ಮಾಡೋಕೆ ಮುಂಚೆ, ಮಾಡ್ತಿರುವಾಗ, ಮಾಡಿದ ಮೇಲೆ. ಕೇಳ್ಕೋಬೇಕಾದ್ದು ಒಂದೇ, ಇದರಿಂದ ನನಗೆ ತೊಂದ್ರೆನಾ, ಬೇರೆಯವರಿಗೆ ತೊಂದ್ರೆನಾ, ಇಬ್ಬರಿಗೂನಾ. ನಮ್ಮ ಕಂಪನಿಗಳಲ್ಲಿ ಮುಂಚಿನದು ಪ್ಲಾನಿಂಗ್ ಮೀಟಿಂಗಲ್ಲಿ ಅಷ್ಟಿಷ್ಟು ಆಗತ್ತೆ, ಆಮೇಲಿನದು ಏನಾದ್ರೂ ಕೆಟ್ಟು ಕೂತಾಗ ರೂಟ್ ಕಾಸ್ ಅಂತ ಒಂದು ಫಾರ್ಮ್ ತುಂಬಿಸ್ತಾರೆ, ನಡುವಿನದು, ಅಂದ್ರೆ ಮಾಡ್ತಾ ಇರುವಾಗ್ಲೇ ‘ಇದು ಸರಿ ಹೋಗ್ತಿಲ್ಲ, ನಿಲ್ಲಿಸೋಣ’ ಅನ್ನೋದು, ಅದು ಇಲ್ವೇ ಇಲ್ಲ, ಆರ್ಡರ್ ತಗೊಂಡಾಗಿದೆ, ಕಸ್ಟಮರ್‌ಗೆ ಡೇಟ್ ಕೊಟ್ಟಾಗಿದೆ, ಈಗ ಬಾಯಿ ಬಿಟ್ರೆ ನಾನೇ ಕೆಟ್ಟವನಾಗ್ತೀನಿ ಅಂತ ಎಲ್ಲರೂ ಸುಮ್ನಿರ್ತಾರೆ.

ಆ ಸುತ್ತದಲ್ಲಿ ಓದುಗರು ಸುಲಭವಾಗಿ ದಾಟಿ ಹೋಗೋ ಒಂದು ಸೂಕ್ಷ್ಮ ಇದೆ. ಮಾಡಿದ ಮೇಲೆ ಇದು ತಪ್ಪಾಯ್ತು ಅಂತ ಗೊತ್ತಾದ್ರೆ ಏನು ಮಾಡ್ಬೇಕು? ಕೈಯಿಂದ ಆದದ್ದು, ಬಾಯಿಂದ ಆದದ್ದು ಆದ್ರೆ ಗುರುಗಳ ಹತ್ರಾನೋ ವಿವೇಕ ಇರೋ ಜೊತೆಗಾರರ ಹತ್ರಾನೋ ಹೋಗಿ ಬಿಚ್ಚಿ ಹೇಳಬೇಕು. ಮನಸ್ಸಲ್ಲಿ ಮಾತ್ರ ಆದದ್ದಾದ್ರೆ? ಅದಕ್ಕೆ ನಾಚ್ಕೊಂಡು, ಇನ್ಮೇಲೆ ಹೀಗಾಗಬಾರದು ಅಂತ ಎಚ್ಚರ ಇಟ್ಕೊಂಡ್ರೆ ಸಾಕು, ಯಾರಿಗೂ ಹೇಳಬೇಕು ಅಂತಿಲ್ಲ. ಇದನ್ನ ನಿಮ್ಮ ಸೆಷನ್‌ಗೆ ಹಾಗೇ ತಗೊಳ್ಳಿ. ಎಷ್ಟೋ ಟ್ರೇನರ್‌ಗಳು ಮ್ಯಾನೇಜರ್‌ಗಳನ್ನ ಸುತ್ತ ಕೂರಿಸಿ ‘ನಿಮ್ಮೊಳಗಿನ ಭಯ ಹೇಳಿ’, ‘ನಿಮ್ಮ ಫೀಲಿಂಗ್ಸ್ ಶೇರ್ ಮಾಡಿ’ ಅಂತಾರೆ, ಪಾಪ ಅವರು ಏನೋ ಒಂದು ಕಟ್ಟಿ ಹೇಳ್ತಾರೆ, ಇಲ್ಲಾ ನಿಜವಾಗ್ಲೂ ಹೇಳಿ ಆಮೇಲೆ ಕ್ಯಾಂಟೀನಲ್ಲಿ ಮಾತಿಗೆ ಆಹಾರ ಆಗ್ತಾರೆ. ಒಬ್ಬರ ತಲೆಯೊಳಗೆ ಏನಿದೆ ಅನ್ನೋದು ಅವರದ್ದು. ಏನು ಮಾಡಿದ್ರಿ, ಏನು ಅಂದ್ರಿ, ಅದರಿಂದ ಯಾರಿಗೆ ಏನಾಯ್ತು, ಸಭೆಗೆ ಬರಬೇಕಾದ್ದು ಇಷ್ಟೇ. (ಅಂದಹಾಗೆ ಈ ರಾಹುಲನ ಉಪದೇಶನ ಅಶೋಕ ಚಕ್ರವರ್ತಿ ರಾಜಸ್ಥಾನದ ಬೈರಾಟ್ ಹತ್ರದ ಶಾಸನದಲ್ಲಿ ಹೆಸರಿಟ್ಟು ಹೇಳಿದ್ದಾನೆ, ಭಿಕ್ಷುಗಳು ಮಾತ್ರ ಅಲ್ಲ, ಉಪಾಸಕ ಉಪಾಸಿಕೆಯರೂ ಇದನ್ನ ಕೇಳ್ತಿರಬೇಕು ಅಂತ. ಆಡಳಿತ ನಡೆಸೋನಿಗೆ ಆ ಪಟ್ಟಿಯಲ್ಲಿ ಇದು ಬೇಕು ಅನ್ನಿಸಿದ್ದು ನೋಡಿ.)

ಈಗ ಒಟ್ಟಿಗೆ ಕಲಿಯೋ ವಿಚಾರಕ್ಕೆ ಬರ್ತೀನಿ. ವಿನಯ ಪಿಟಕದ ಮಹಾವಗ್ಗ ಅನ್ನೋ ಭಾಗದಲ್ಲಿ ಒಂದು ಕಥೆ ಇದೆ, ನಿಮ್ಮ ಒಂಬತ್ತು ಜನಕ್ಕೆ ಓದಿ ಹೇಳಬಹುದು. ಕೋಸಲ ದೇಶದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಟ್ಟಿಗೆ ಇರೋಕೆ ಶುರು ಮಾಡ್ತಾರೆ. ಜಗಳ ಬರಬಾರದು, ಎಲ್ಲರೂ ಹಾಯಾಗಿರಬೇಕು, ಏನು ಮಾಡೋಣ? ಮಾತೇ ಆಡೋದು ಬೇಡ ಅಂತ ತೀರ್ಮಾನ ಮಾಡ್ತಾರೆ. ಅದಕ್ಕೆ ತಕ್ಕಂಗೆ ಡ್ಯೂಟಿ ಚಾರ್ಟ್ ಥರ ಒಂದು ಏರ್ಪಾಡು, ಭಿಕ್ಷೆ ಮುಗಿಸಿ ಮೊದಲು ಬಂದವನು ಆಸನ ಹಾಸಬೇಕು, ಕಾಲು ತೊಳೆಯೋಕೆ ನೀರಿಡಬೇಕು, ಕೊನೇಲಿ ಬಂದವನು ಉಳಿದದ್ದನ್ನ ತಿಂದು ಇಲ್ಲಾ ಚೆಲ್ಲಿ ಪಾತ್ರೆ ತೊಳೆದು ಊಟದ ಜಾಗ ಗುಡಿಸಬೇಕು, ನೀರಿನ ಮಡಕೆ ಖಾಲಿ ಕಂಡವನು ತುಂಬಬೇಕು, ಒಬ್ಬನ ಕೈಲಿ ಎತ್ತೋಕಾಗದಿದ್ರೆ ಸನ್ನೆ ಮಾಡಿ ಇನ್ನೊಬ್ಬನನ್ನ ಕರೀಬೇಕು, ಬಾಯಿ ಮಾತ್ರ ಬಿಡಬಾರದು. ಮೂರು ತಿಂಗಳು ಹೀಗೇ ಕಳೀತು. ಒಂದು ಕಿತ್ತಾಟ ಇಲ್ಲ. ಖುಷಿಯಾಗಿ ಶ್ರಾವಸ್ತಿಗೆ ಹೋಗಿ ಬುದ್ಧನಿಗೆ ವರದಿ ಒಪ್ಪಿಸ್ತಾರೆ.

ಅವನು ಚೆನ್ನಾಗಿ ಬೈತಾನೆ. ದನಗಳ ಥರ ಬಾಳಿದ್ದೀರಿ, ಕುರಿಗಳ ಥರ ಬಾಳಿದ್ದೀರಿ, ಶತ್ರುಗಳು ಒಂದೇ ಮನೇಲಿದ್ದ ಥರ ಬಾಳಿದ್ದೀರಿ, ಮೇಲಿಂದ ಹಾಯಾಗಿದ್ವಿ ಅಂತೀರಾ ಅಂತ. ಇಲ್ಲಿ ಇನ್ನೊಂದು ಕಥೆ ಪಕ್ಕಕ್ಕಿಟ್ಟು ನೋಡ್ಬೇಕು. ಅನುರುದ್ಧ, ನಂದಿಯ, ಕಿಂಬಿಲ ಅಂತ ಮೂವರು ಗೋಸಿಂಗ ಅನ್ನೋ ಕಾಡಲ್ಲಿ ಇದ್ದರು, ಅವರದ್ದೂ ಅದೇ ಏರ್ಪಾಡು, ಅದೇ ಆಸನ, ಅದೇ ಮಡಕೆ, ಅದೇ ಕೈಸನ್ನೆ, ಸುತ್ತದಲ್ಲಿ ಹೆಚ್ಚುಕಮ್ಮಿ ಅವೇ ವಾಕ್ಯಗಳು. ಅವರು ಮಾತ್ರ ಹಾಲು ನೀರು ಬೆರೆತಂಗೆ ಇದ್ದಾರೆ ಅಂತ ಬುದ್ಧ ಮೆಚ್ಚಿಕೊಳ್ತಾನೆ. ನನಗೆ ಕಾಣೋ ಮುಖ್ಯ ವ್ಯತ್ಯಾಸ ಒಂದು ಸಾಲಲ್ಲಿದೆ, ಈ ಮೂವರು ಐದು ದಿನಕ್ಕೊಂದು ಸಲ ರಾತ್ರಿಯಿಡೀ ಕೂತು ಧರ್ಮದ ಬಗ್ಗೆ ಮಾತಾಡ್ತಿದ್ರು.

ನನಗೆ ಫ್ಯಾಕ್ಟರಿ ಮಾಲೀಕರು ‘ನಮ್ಮ ಟೀಮಲ್ಲಿ ಒಂದು ಜಗಳ ಇಲ್ಲ ಸಾರ್’ ಅಂತ ಹೆಮ್ಮೆಯಿಂದ ಹೇಳಿದಾಗೆಲ್ಲಾ ಕೋಸಲದ ಭಿಕ್ಷುಗಳು ನೆನಪಾಗ್ತಾರೆ. ಡ್ಯೂಟಿ ಬೋರ್ಡ್ ನೀಟಾಗಿರತ್ತೆ, ಕೆಲಸದ ಜಾಗ ಅಚ್ಚುಕಟ್ಟಾಗಿದ್ಯಾ ಅಂತ ನೋಡೋ ಫೈವ್ ಎಸ್ ಆಡಿಟ್ ಪಾಸಾಗಿರತ್ತೆ, ವಾಟ್ಸಾಪ್ ಗ್ರೂಪಲ್ಲಿ ಯಜಮಾನರ ಪ್ರತಿ ಮೆಸೇಜಿಗೂ ಹೆಬ್ಬೆರಳು ಬಿದ್ದಿರತ್ತೆ. ಮೆಲ್ಟಿಂಗ್‌ನವರಿಗೆ ಮೋಲ್ಡಿಂಗ್‌ನವರ ಬಗ್ಗೆ ಏನನ್ಸತ್ತೆ ಅಂತ ಮೋಲ್ಡಿಂಗ್‌ನವರನ್ನ ಬಿಟ್ಟು ಮಿಕ್ಕ ಎಲ್ಲರಿಗೂ ಗೊತ್ತಿರತ್ತೆ.

ಬುದ್ಧ ಬೈದು ಸುಮ್ನಾಗಲಿಲ್ಲ, ಅದಕ್ಕೊಂದು ಕ್ರಮ ಮಾಡಿಕೊಟ್ಟ, ಪವಾರಣ ಅಂತ. ಮಳೆಗಾಲದ ವಾಸ ಮುಗಿಯೋ ಹುಣ್ಣಿಮೆ ದಿನ ಎಲ್ಲರೂ ಸೇರಬೇಕು, ಒಬ್ಬೊಬ್ಬರೂ ಕುಕ್ಕರಗಾಲಲ್ಲಿ ಕೂತು ಕೈ ಮುಗಿದು, ನನ್ನಲ್ಲಿ ಏನಾದ್ರೂ ತಪ್ಪು ನೋಡಿದ್ರೆ, ಕೇಳಿದ್ರೆ, ಇಲ್ಲಾ ಅನುಮಾನ ಬಂದಿದ್ರೆ ದಯವಿಟ್ಟು ನನ್ನ ಮೇಲಿನ ಕರುಣೆಯಿಂದ ಹೇಳಿ, ನನಗೆ ಕಂಡ್ರೆ ತಿದ್ಕೊಳ್ತೀನಿ ಅಂತ ಮೂರು ಸಲ ಕೇಳ್ಕೋಬೇಕು. ಶುರು ಮಾಡೋದು ಎಲ್ಲರಿಗಿಂತ ಹಿರಿಯ ಭಿಕ್ಷು. ಆಗಲೂ ಕಿಲಾಡಿಗಳಿದ್ರು, ಹಿರಿಯರು ಕುಕ್ಕರಗಾಲಲ್ಲಿ ಕೂತು ಕೇಳ್ಕೊಳ್ತಿದ್ರೆ ಕೆಲವರು ಆರಾಮಾಗಿ ಆಸನದ ಮೇಲೇ ಇದ್ರಂತೆ, ಅದಕ್ಕೆ ಎಲ್ಲರೂ ಕೆಳಗೇ ಕೂರಬೇಕು ಅಂತಾಯ್ತು, ಆಮೇಲೆ ಎಲ್ಲರದ್ದೂ ಮುಗಿಯೋ ತನಕ ಹಾಗೇ ಕೂತಿದ್ದ ಒಬ್ಬ ಮುದುಕ ಭಿಕ್ಷು ಮೂರ್ಛೆ ಬಂದು ಬಿದ್ದಮೇಲೆ, ತನ್ನ ಸರದಿ ಮುಗಿಸಿದವರು ಆಸನಕ್ಕೆ ಹೋಗಬಹುದು ಅಂತ ರೂಲ್ ತಿದ್ದಿದ್ರು. ಇಂಥ ವಿವರಕ್ಕೇ ನನಗೆ ವಿನಯ ಇಷ್ಟ, ಇದು ನಿಜವಾಗ್ಲೂ ಜನ ನಡೆಸಿದ ಸಭೆ ಅಂತ ಗೊತ್ತಾಗತ್ತೆ.

ಸಂಯುತ್ತ ನಿಕಾಯದಲ್ಲಿ ಬುದ್ಧನೇ ಪವಾರಣ ಮಾಡೋ ಸುತ್ತ ಇದೆ. ಸುಮಾರು ಐನೂರು ಭಿಕ್ಷುಗಳ ಮುಂದೆ, ನನ್ನ ನಡತೆಯಲ್ಲಿ, ಮಾತಲ್ಲಿ ನೀವು ಆಕ್ಷೇಪ ಹೇಳೋವಂಥದ್ದು ಏನಾದ್ರೂ ಇದ್ಯಾ ಅಂತ ಕೇಳ್ತಾನೆ. ಗಮನಿಸಿ, ಇಲ್ಲೂ ನಡತೆ ಮತ್ತು ಮಾತು ಮಾತ್ರ. ಅವನ ಮುಖ್ಯ ಶಿಷ್ಯ ಸಾರಿಪುತ್ತ ಎದ್ದು ಏನೂ ಇಲ್ಲ ಅಂತಾನೆ, ಆಮೇಲೆ ತನ್ನ ಬಗ್ಗೆ ಕೇಳ್ತಾನೆ, ಹೀಗೆ ಮೇಲಿಂದ ಕೆಳಗೆ ಬರತ್ತೆ.

ಇದನ್ನ ಕಂಪನಿಗಳ ತ್ರೀಸಿಕ್ಸ್ಟಿ ಡಿಗ್ರಿ ಫೀಡ್‌ಬ್ಯಾಕ್ ಜೊತೆ, ಅಂದ್ರೆ ಮೇಲಿನವರು, ಕೆಳಗಿನವರು, ಜೊತೆಯವರು ಎಲ್ಲರಿಂದ ಒಬ್ಬರ ಬಗ್ಗೆ ಅಭಿಪ್ರಾಯ ತಗೊಳ್ಳೋದರ ಜೊತೆ ಹೋಲಿಸಿ ನೋಡಿ. ಅಲ್ಲಿ ಹೇಳೋನ ಹೆಸರಿರಲ್ಲ, ಕೇಳಿಸ್ಕೊಳ್ಳೋನು ಕೇಳೇ ಇರಲ್ಲ, ಎಚ್‌ಆರ್‌ನಿಂದ ಒಂದು ಪಿಡಿಎಫ್ ಬರತ್ತೆ, ಅವನು ಅದನ್ನ ಓದಿ ಇದನ್ನ ಬರೆದೋರು ಯಾರಿರಬಹುದು ಅಂತ ಪತ್ತೇದಾರಿಕೆಗೆ ಇಳೀತಾನೆ. ಪವಾರಣದಲ್ಲಿ ಬಾಗಿಲು ತೆಗೆಯೋದು ಕೇಳಿಸ್ಕೊಳ್ಳೋನೇ, ಹೇಳೋನು ಎದುರಿಗೇ ಇರ್ತಾನೆ, ಹೇಳೋನ ಮೇಲೂ ಹೊಣೆ ಇದೆ. ಇನ್ನೊಬ್ಬರ ತಪ್ಪು ಎತ್ತೋನು ಐದು ನೋಡ್ಕೋಬೇಕು ಅಂತ ಬುದ್ಧ ಹೇಳ್ತಾನೆ, ಸರಿಯಾದ ಹೊತ್ತಲ್ಲಿ ಹೇಳ್ತಿದೀನಾ, ನಿಜಾನಾ, ಮೆತ್ತಗೆ ಹೇಳ್ತಿದೀನಾ, ಇದರಿಂದ ಉಪಯೋಗ ಇದ್ಯಾ, ಮನಸ್ಸಲ್ಲಿ ದ್ವೇಷ ಇಟ್ಕೊಂಡಿಲ್ಲ ತಾನೇ. ಐದನೇದು ಕಷ್ಟ. ಮೊದಲ ನಾಲ್ಕು ಪಾಸಾಗಿ ಐದನೇದರಲ್ಲಿ ಫೇಲಾಗೋ ಮ್ಯಾನೇಜರ್‌ಗಳು ಬೇಕಾದಷ್ಟು ಜನ ಇದ್ದಾರೆ, ಡೇಟಾ ಸಮೇತ ಬಂದು ಮೆತ್ತಗೆ ಮುಗಿಸ್ತಾರೆ.

ಇಷ್ಟು ಓದಿದ ಮೇಲೆ ನಿಮಗೆ ಅರ್ಥ ಆಗಿರತ್ತೆ, ಮೊದಲು ಕೂರಬೇಕಾದ್ದು ನೀವು. ಯಜಮಾನರು ಹೊರಗೆ ನಿಂತು ‘ನೀವೆಲ್ಲಾ ಓಪನ್ ಆಗಿ ಮಾತಾಡ್ಕೊಳ್ಳಿ’ ಅಂದ್ರೆ ಅದು ಕೋಸಲದ ಮೌನಕ್ಕಿಂತ ಕಡೆ.

ಬಿಸಿನೆಸ್ ಲೋಕದಲ್ಲಿ ಇಂಥದ್ದನ್ನ ದೊಡ್ಡದಾಗಿ ಮಾಡಿದವರು ಇದ್ದಾರಾ ಅಂದ್ರೆ ಇದ್ದರು, ಜಪಾನಿನ ಕಝುವೊ ಇನಾಮೊರಿ. 1959ರಲ್ಲಿ ಕ್ಯೋಸೆರಾ ಅನ್ನೋ ಕಂಪನಿ ಕಟ್ಟಿದವರು, ಸೆರಾಮಿಕ್ ಎಂಜಿನಿಯರ್, 1997ರಲ್ಲಿ ಝೆನ್ ದೀಕ್ಷೆ ತಗೊಂಡ್ರು. 1983ರಲ್ಲಿ ಕ್ಯೋಟೋದ ಕೆಲವು ಯುವ ಉದ್ಯಮಿಗಳು ನಮಗೆ ಕಲಿಸಿ ಅಂತ ಬೆನ್ನು ಬಿದ್ದಾಗ ಶುರುವಾಗಿದ್ದು ಸೇವಾಜುಕು ಅನ್ನೋ ಶಾಲೆ, ಅದು ಬೆಳೆದು ಜಪಾನ್ ಆಚೆಗೂ ಹಬ್ಬಿ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರಾದ್ರು, ಹೆಚ್ಚಿನವರು ಸಣ್ಣ ಮಧ್ಯಮ ಕಂಪನಿಗಳ ಮಾಲೀಕರು, ಅಂದ್ರೆ ನಿಮ್ಮಂಥವರೇ. ಅಲ್ಲಿ ಒಬ್ಬ ಮಾಲೀಕ ಎದ್ದು ತನ್ನ ಕಂಪನಿಯ ನಿಜವಾದ ಸಮಸ್ಯೆ ಇಡ್ತಿದ್ದ, ಇನಾಮೊರಿ ಎಲ್ಲರ ಮುಂದೆ ಉತ್ತರ ಕೊಡ್ತಿದ್ರು, ಆಮೇಲೆ ಕೊಂಪಾ ಅಂತ ಊಟ ಕುಡಿತದ ಕೂಟ, ಅಸಲಿ ಮಾತು ಅಲ್ಲಿ ನಡೀತಿತ್ತು.

2010ರ ಜನವರಿಯಲ್ಲಿ ಜಪಾನ್ ಏರ್‌ಲೈನ್ಸ್ ದಿವಾಳಿ ಆದಾಗ ಸರ್ಕಾರ ಇವರನ್ನೇ ಕರೀತು, ಆಗ ವಯಸ್ಸು 78, ಸಂಬಳ ಬೇಡ ಅಂದ್ರು. ಐವತ್ತರಷ್ಟು ಹಿರಿಯ ಅಧಿಕಾರಿಗಳನ್ನ ಕೂರಿಸಿ ಮನುಷ್ಯರಾಗಿ ಯಾವುದು ಸರಿ ಅನ್ನೋದರಿಂದ ಪಾಠ ಶುರು ಮಾಡಿದಾಗ ಅವರಲ್ಲಿ ಎಷ್ಟೋ ಜನಕ್ಕೆ ಇದೇನು ಸ್ಕೂಲ್ ಮಕ್ಕಳಿಗೆ ಹೇಳಿದಂಗೆ ಅನ್ನಿಸ್ತು. ಪಾಠ ಆದ್ಮೇಲೆ ಬಿಯರ್ ಕ್ಯಾನ್ ಹಿಡ್ಕೊಂಡು ಕೂತಾಗ ಒಬ್ಬೊಬ್ಬರೇ ಬಾಯಿ ಬಿಟ್ರು. ಜೊತೆಗೇ ಪ್ರತಿ ವಿಭಾಗದ ಮುಖ್ಯಸ್ಥ ತಿಂಗಳ ತಿಂಗಳ ತನ್ನ ಲೆಕ್ಕ ತಾನೇ ಎದ್ದು ನಿಂತು ಒಪ್ಪಿಸೋ ಮೀಟಿಂಗ್ ಬಂತು, ನನ್ನ ಪ್ರಕಾರ ಬಿಯರ್‌ಗಿಂತ ಕೆಲಸ ಮಾಡಿದ್ದು ಇದು. 2012ರ ಸೆಪ್ಟೆಂಬರ್‌ನಲ್ಲಿ ಕಂಪನಿ ಮತ್ತೆ ಟೋಕಿಯೋ ಷೇರು ಮಾರುಕಟ್ಟೆಗೆ ಬಂತು.

ಆದ್ರೆ ಈ ಕಥೆನ ಬರೀ ಹೂವು ಹಾಕಿ ಹೇಳೋಕೆ ನನಗೆ ಇಷ್ಟ ಇಲ್ಲ. ಅದೇ ಏರ್‌ಲೈನ್ಸ್‌ನಲ್ಲಿ ಸಾವಿರಾರು ಕೆಲಸ ಹೋಯ್ತು, ಸ್ವಯಂನಿವೃತ್ತಿಗೆ ಒಪ್ಪದ 165 ಪೈಲಟ್ ಮತ್ತು ಕ್ಯಾಬಿನ್ ಸಿಬ್ಬಂದಿಯನ್ನ 2010ರ ಕೊನೇ ದಿನ ತೆಗೆದುಹಾಕಿದ್ರು, ಕೇಸು ವರ್ಷಗಟ್ಟಲೆ ನಡೀತು, ಕೋರ್ಟಲ್ಲಿ ಕಂಪನಿ ಗೆದ್ದಿತು. ಪರಹಿತದ ಪಾಠ ಕೇಳಿದ ಕಂಪನಿಯಲ್ಲಿ ಆ 165 ಜನರ ಪ್ರಶ್ನೆ ಕೂತೇ ಇದೆ. ಇನ್ನೊಂದು ಸಂಗತಿ, ಸೇವಾಜುಕುನ ಇನಾಮೊರಿಯವರೇ 2019ರ ಕೊನೆಗೆ ಮುಚ್ಚಿದ್ರು. ಎಲ್ಲಾ ಪ್ರಶ್ನೆಗೂ ಉತ್ತರ ಒಬ್ಬರ ಬಾಯಿಂದಲೇ ಬರ್ತಿದ್ದ ಶಾಲೆ ಅವರಿಲ್ದೆ ಹೇಗೆ ನಡೀಬೇಕು? ಗುರು ಸಿಕ್ಕಿದ್ರೆ ಅದೃಷ್ಟ, ಆದ್ರೆ ನಿಮ್ಮ ಫೌಂಡ್ರಿಗೆ ಬೇಕಾಗಿರೋದು ಗುರು ಇಲ್ದೆ ನಡೆಯೋ ಕ್ರಮ.

ಗುರು ಅಂದಾಗ ಕಾಲಾಮರ ಸುತ್ತ ಹೇಳ್ಲೇಬೇಕು. ಕೇಸಪುತ್ತ ಅನ್ನೋ ಊರಿನವರು, ಬರೋ ಸ್ವಾಮಿಗಳೆಲ್ಲಾ ತಮ್ಮದೇ ಸರಿ ಅಂತಾರೆ, ಯಾರನ್ನ ನಂಬೋದು ಅಂತ ಕೇಳಿದ್ದಕ್ಕೆ ಬುದ್ಧ ಹತ್ತು ‘ಬೇಡ’ ಹೇಳಿದ, ಬಾಯಿಂದ ಬಾಯಿಗೆ ಬಂತು ಅಂತ ಬೇಡ, ಪರಂಪರೆ ಅಂತ ಬೇಡ, ಗ್ರಂಥದಲ್ಲಿದೆ ಅಂತ ಬೇಡ, ಕೊನೇಲಿ, ಈ ಶ್ರಮಣ ನಮ್ಮ ಗುರು ಅಂತಲೂ ಬೇಡ. ಇದನ್ನ ಜನ ‘ನಿನ್ನ ಬುದ್ಧಿಗೆ ಸರಿ ಕಂಡದ್ದು ಮಾಡು’ ಅಂತ ಪೋಸ್ಟರ್ ಮಾಡಿ ಹಂಚ್ತಾರೆ. ಪಟ್ಟಿ ಪೂರ್ತಿ ಓದಲ್ಲ. ತರ್ಕಕ್ಕೆ ಕೂತ್ಕೊಳ್ಳತ್ತೆ ಅಂತ ಬೇಡ, ನನ್ನ ಅಭಿಪ್ರಾಯಕ್ಕೆ ಹೊಂದತ್ತೆ ಅಂತ ಬೇಡ ಅನ್ನೋದೂ ಅದೇ ಹತ್ತರಲ್ಲಿದೆ. ಹಾಗಾದ್ರೆ ಮತ್ತೇನು ಅಂದ್ರೆ, ಮಾಡಿದ್ರೆ ಹಾನಿಯಾ ಹಿತವಾ ಅಂತ ನೀವೇ ಕಂಡುಕೊಳ್ಳಿ, ವಿವೇಕಿಗಳು ಅದನ್ನ ಬೈತಾರಾ ಹೊಗಳ್ತಾರಾ ಅದನ್ನೂ ನೋಡಿ ಅಂತ. ನಿಮ್ಮ ಪ್ರೊಡಕ್ಷನ್ ಮ್ಯಾನೇಜರ್‌ನ ಇಪ್ಪತ್ತು ವರ್ಷದ ಅನುಭವಕ್ಕೂ ಇಲ್ಲಿ ವಿನಾಯಿತಿ ಇಲ್ಲ, ಕನ್ಸಲ್ಟೆಂಟ್‌ನ ಸ್ಲೈಡಿಗೂ ಇಲ್ಲ, ನಿಮಗೂ ಇಲ್ಲ.

ಈ ಪರೀಕ್ಷೆ ಮಾಡೋದು ಹೇಗೆ ಅನ್ನೋದಕ್ಕೆ ದೂರ ಹೋಗ್ಬೇಕಾಗಿಲ್ಲ, ಬೆಳಗಾವಿಯಿಂದ ಮುಂಡಗೋಡಿಗೆ ಹೋಗಿ ಬನ್ನಿ. ಅಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳಿವೆ, ಬೈಲಕುಪ್ಪೆಯಲ್ಲಿ ಸೆರಾ, ಟಿಬೆಟ್‌ನ ಮೂರು ದೊಡ್ಡ ವಿದ್ಯಾಪೀಠಗಳೂ ಈಗ ಕರ್ನಾಟಕದಲ್ಲೇ ಇವೆ. ವಾದದ ಅಂಗಳದಲ್ಲಿ ಒಬ್ಬ ಕೆಳಗೆ ಕೂತಿರ್ತಾನೆ, ಇನ್ನೊಬ್ಬ ನಿಂತಿರ್ತಾನೆ, ನಿಂತವನು ಪ್ರಶ್ನೆ ಕೇಳಿ ಎಡಗಾಲು ನೆಲಕ್ಕೆ ಬಡಿದು ಚಪ್ಪಾಳೆ ತಟ್ಟಿದ ಅಂದ್ರೆ ಕೂತವನು ಉತ್ತರ ಕೊಡ್ಬೇಕು. ದೂರದಿಂದ ನೋಡಿದ್ರೆ ಜಗಳ ಅನ್ಸತ್ತೆ. ಕೂತವನು ಭಾಷಣ ಮಾಡಂಗಿಲ್ಲ, ಅವನಿಗೆ ಇರೋದು ಮುಖ್ಯವಾಗಿ ನಾಲ್ಕು ಉತ್ತರ, ಒಪ್ಪಿದೆ, ಯಾಕೆ, ನೀನು ಕೊಟ್ಟ ಕಾರಣ ಸಾಬೀತಾಗಿಲ್ಲ, ಕಾರಣ ಇದ್ರೂ ಅದರಿಂದ ಇದು ಬರಲ್ಲ. ನಿಂತವನಿಗೆ ತನ್ನದೇ ಅಂತ ಒಂದು ಪಕ್ಷ ಇರಬೇಕು ಅಂತಿಲ್ಲ, ಕೂತವನ ಮಾತಲ್ಲೇ ವಿರೋಧ ಹುಡುಕಿ ತೋರಿಸೋದು ಅವನ ಕೆಲಸ, ಸಿಕ್ಕಿದ್ರೆ ‘ತ್ಸಾ’ ಅಂತ ಕೂಗ್ತಾನೆ.

ಇದನ್ನ ನಿಮ್ಮ ಫೌಂಡ್ರಿಗೆ ತರೋಣ. ಮಳೆಗಾಲದಲ್ಲಿ ರಿಜೆಕ್ಷನ್ ಏರಿದೆ ಅಂದ್ಕೊಳ್ಳಿ, ಎರಕದಲ್ಲಿ ಗಾಳಿ ಸಿಕ್ಕಿ ಬ್ಲೋಹೋಲ್ ಅನ್ನೋ ತೂತು ಬರ್ತಿದೆ, ಮೋಲ್ಡಿಂಗ್ ಮ್ಯಾನೇಜರ್ ಹೇಳ್ತಾರೆ, ಮರಳಲ್ಲಿ ತೇವ ಜಾಸ್ತಿ, ಅದಕ್ಕೇ. ಮಾಮೂಲಿ ಮೀಟಿಂಗಲ್ಲಿ ಏನಾಗತ್ತೆ, ಎಲ್ಲರೂ ಹೌದು ಮಳೆಗಾಲ ಅಲ್ವಾ ಅಂತ ತಲೆ ಆಡಿಸ್ತಾರೆ. ಈಗ ಆ ನಾಲ್ಕು ಉತ್ತರ ಮಾತ್ರ ಬಳಸಿ. ಕ್ವಾಲಿಟಿಯವರು ‘ಕಾರಣ ಸಾಬೀತಾಗಿಲ್ಲ’ ಅಂದ್ರೆ ಅರ್ಥ, ತೇವ ಜಾಸ್ತಿ ಇತ್ತು ಅನ್ನೋದಕ್ಕೇ ರೀಡಿಂಗ್ ತೋರಿಸಿ ಅಂತ. ರೀಡಿಂಗ್ ಬಂತು, ಜಾಸ್ತಿನೇ ಇತ್ತು. ಈಗ ‘ಅದರಿಂದ ಇದು ಬರಲ್ಲ’ ಅಂದ್ರೆ ಬೇರೆ ಪ್ರಶ್ನೆ, ಅದೇ ಮರಳು ಎರಡನೇ ಲೈನಿಗೂ ಹೋಗಿದೆ, ಅಲ್ಲಿ ಯಾಕೆ ರಿಜೆಕ್ಷನ್ ಇಲ್ಲ? ಎರಡೂ ಬೇರೆ ಬೇರೆ ಆಕ್ಷೇಪ, ನಾವು ದಿನಾ ಎರಡನ್ನೂ ಕಲಸಿ ‘ಹಂಗಲ್ಲ ಬಿಡ್ರಿ’ ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀವಿ, ಅವರು ‘ಹಂಗೇ’ ಅಂತಾರೆ, ಕೊನೆಗೆ ದನಿ ಜೋರಿದ್ದವರು ಗೆಲ್ತಾರೆ. ಎರಡನೇ ಲೈನ್ ಪ್ರಶ್ನೆ ಬಂದಮೇಲೆ ಅಚ್ಚಿನಿಂದ ಗಾಳಿ ಹೋಗೋ ವೆಂಟ್ ಕಡೆ, ಕರಗಿದ ಲೋಹ ಹೊರೋ ಲ್ಯಾಡಲ್ ಒಣಗಿಸೋ ಕಡೆ, ಸುರಿಯೋ ಟೆಂಪರೇಚರ್ ಕಡೆ ಕಣ್ಣು ಹೋಗತ್ತೆ. ಹದಿನೈದು ನಿಮಿಷ ಸಾಕು. ಸೀನಿಯರ್ ಆದವರು ಕೂತು ಉತ್ತರ ಕೊಡಲಿ, ಜೂನಿಯರ್ ನಿಂತು ಕೇಳಲಿ, ಆಗ ಸ್ವಲ್ಪ ನಗುನೂ ಬರತ್ತೆ, ಬರಲಿ. ಚಪ್ಪಾಳೆ ಬೇಡ ಅಂದ್ರೆ ಬಿಡಿ.

ಬೌದ್ಧರಲ್ಲದವರೂ ಇಂಥದ್ದೇ ಜಾಗಕ್ಕೆ ಬಂದಿದ್ದಾರೆ. ಇಂಗ್ಲೆಂಡಿನಲ್ಲಿ ರೆಗ್ ರೆವಾನ್ಸ್ ಅನ್ನೋರು 1940ರ ದಶಕದಲ್ಲಿ ಕಲ್ಲಿದ್ದಲು ಗಣಿಗಳ ಮ್ಯಾನೇಜರ್‌ಗಳನ್ನ ಕ್ಲಾಸಿಗೆ ಕಳಿಸೋ ಬದಲು ಸಣ್ಣ ಗುಂಪು ಮಾಡಿ ಒಬ್ಬರ ಗಣಿಯ ಸಮಸ್ಯೆ ಇನ್ನೊಬ್ಬರ ಮುಂದೆ ಇಡಿಸಿದ್ರು. ಆಮೇಲೆ ಅದಕ್ಕೆ ಆಕ್ಷನ್ ಲರ್ನಿಂಗ್ ಅಂತ ಹೆಸರಾಯ್ತು, ಆಗಲೇ ಗೊತ್ತಿರೋದಕ್ಕೆ ಒಳ್ಳೆ ಪ್ರಶ್ನೆ ಸೇರಿದ್ರೆ ಕಲಿಕೆ ಅನ್ನೋದು ಅವರ ಸೂತ್ರ. ನಿಮಗೆ ಬುದ್ಧನ ಹೆಸರು ಬೇಡ ಅನ್ಸಿದ್ರೆ ಆ ಹೆಸರಲ್ಲೇ ಶುರು ಮಾಡಬಹುದು.

ಆದ್ರೆ ಬೌದ್ಧರು ಹೇಳೋ ಒಂದು ವಿಷಯ ಆ ಸೂತ್ರದಲ್ಲಿ ಬರಲ್ಲ, ಶೀಲ, ಅಂದ್ರೆ ಒಳ್ಳೆ ನಡತೆ. ದೀಘ ನಿಕಾಯದ ಸೋಣದಂಡ ಸುತ್ತದಲ್ಲಿ ಒಂದು ಮಾತಿದೆ, ಕೈ ಕೈಯನ್ನ ತೊಳೆಯೋ ಹಾಗೆ ಶೀಲ ಪ್ರಜ್ಞೆಯನ್ನ ತೊಳೆಯತ್ತೆ, ಪ್ರಜ್ಞೆ ಶೀಲವನ್ನ ತೊಳೆಯತ್ತೆ ಅಂತ. ಕಂಪನಿ ಭಾಷೆಗೆ ತಂದ್ರೆ, ಟೆಸ್ಟ್ ಸರ್ಟಿಫಿಕೇಟಲ್ಲಿ ನಂಬರ್ ತಿದ್ದೋದು ಎಲ್ಲರಿಗೂ ಗೊತ್ತಿರೋ ಕಡೆ, ಸಪ್ಲೈಯರ್‌ಗೆ ದುಡ್ಡು ಆರು ತಿಂಗಳು ಎಳೆಯೋ ಕಡೆ ನೀವು ಎಷ್ಟೇ ಚೆಂದದ ವೃತ್ತ ಮಾಡಿ ಕೂರಿಸಿದ್ರೂ ಯಾರೂ ನಿಜ ಹೇಳಲ್ಲ, ಯಾಕಂದ್ರೆ ಒಂದು ನಿಜ ಎಳೆದ್ರೆ ಅದರ ಹಿಂದೆ ಆ ನಿಜ ಬರತ್ತೆ ಅಂತ ಎಲ್ಲರಿಗೂ ಗೊತ್ತು. ಮೈಂಡ್‌ಫುಲ್‌ನೆಸ್ ಪ್ಯಾಕೇಜಲ್ಲಿ ನನಗೆ ತಕರಾರಿರೋದು ಇಲ್ಲೇ, ಶೀಲನ ಕಳಚಿ ಬರೀ ಗಮನನ ಮಾರ್ತಾರೆ, ಗಮನ ಇಟ್ಟು ಮೋಸನೂ ಮಾಡಬಹುದಲ್ಲ. ಹಾಗಾಗಿ ಶುರು ಮಾಡೋ ಮುಂಚೆ ನೀವೇ ಒಬ್ಬರೇ ಕೂತು ಯೋಚ್ನೆ ಮಾಡಿ, ಈ ಸಭೆಯಲ್ಲಿ ಯಾರಾದ್ರೂ ಎತ್ತಿದ್ರೆ ನನಗೆ ಕಷ್ಟ ಆಗೋ ಸಂಗತಿ ಯಾವುದು ಅಂತ. ಅದನ್ನ ಮೊದಲು ಸರಿ ಮಾಡಿ, ಇಲ್ಲಾ ನೀವೇ ಎತ್ತಿ.

ಹೇಗೆ ನಡೆಸಬೇಕು ಅಂತ ಕೇಳಿದ್ರೆ, ತಿಂಗಳಿಗೆ ಅರ್ಧ ದಿನದ ಬದಲು ಹದಿನೈದು ದಿನಕ್ಕೆ ಎರಡು ಗಂಟೆ ಮಾಡಿ. ಒಂದು ಸಲಕ್ಕೆ ಒಬ್ಬರೇ, ತಮ್ಮದೇ ಕೆಲಸದ, ಇನ್ನೂ ಮುಗಿಯದ ಒಂದು ವಿಷಯ ತರಲಿ, ಮುಗಿದ ಯಶಸ್ಸಿನ ಕಥೆ ತಂದ್ರೆ ವಾಪಸ್ ಕಳಿಸಿ. ಹೋದ ಸಲ ತಂದವರು ಅದಾದ ಮೇಲೆ ಏನು ಮಾಡಿದ್ರು, ಏನಾಯ್ತು ಅಂತ ಮೊದಲ ಹತ್ತು ನಿಮಿಷದಲ್ಲಿ ಹೇಳಬೇಕು, ಇದು ತಪ್ಪಿದ್ರೆ ಮೂರನೇ ಡಬ್ಬಿ ಮತ್ತೆ ಖಾಲಿನೇ. ಅದಾದ ಮೇಲೆ ಒಂದು ಗಂಟೆ ಬರೀ ಪ್ರಶ್ನೆ, ಅಲ್ಲೀವರೆಗೆ ಸಲಹೆ ಕೊಡೋಕೆ ಬಿಡಬೇಡಿ. ಬುದ್ಧ ಪ್ರಶ್ನೆಗಳನ್ನ ನಾಲ್ಕು ಥರ ಮಾಡಿದ್ದ, ನೇರ ಉತ್ತರ ಕೊಡೋದು, ಬಿಡಿಸಿ ಹೇಳೋದು, ತಿರುಗಿ ಪ್ರಶ್ನೆ ಕೇಳೋದು, ಪಕ್ಕಕ್ಕಿಡೋದು. ನಿಮ್ಮ ಸಭೆಯಲ್ಲಿ ಪಕ್ಕಕ್ಕಿಡೋದು ಸಂಬಳ, ಬಡ್ತಿ, ಯಾರನ್ನ ತೆಗೀಬೇಕು ಅನ್ನೋದು, ಅವು ಬಂದ್ರೆ ಮಿಕ್ಕ ಯಾವುದೂ ನಡೆಯಲ್ಲ. ಅಲ್ಲಿ ಹೇಳಿದ ಒಂದು ಅಕ್ಷರನೂ ಅಪ್ರೈಸಲ್‌ಗೆ ಹೋಗಬಾರದು, ಎಚ್‌ಆರ್ ನೋಟ್ಸ್ ತಗೊಳ್ಳೋದು ಬೇಡ. ಪವಾರಣ ಥರದ್ದನ್ನ ಪ್ರತಿ ಸಲ ಮಾಡೋಕೆ ಹೋಗ್ಬೇಡಿ, ಭಿಕ್ಷುಗಳೇ ವರ್ಷಕ್ಕೊಂದು ಸಲ ಮಾಡ್ತಿದ್ರು, ಮೂರು ತಿಂಗಳು ಜೊತೆಗಿದ್ದ ಮೇಲೆ. ನೀವೂ ಐದಾರು ಸಲ ಕೂತ ಮೇಲೆ ಮಾಡಿ, ನಿಮ್ಮಿಂದ ಶುರು ಮಾಡಿ. ಮೊದಲ ಸಲ ಎಲ್ಲರೂ ಸಾರಿಪುತ್ತನ ಥರ ನಿಮ್ಮಲ್ಲಿ ಏನೂ ತಪ್ಪಿಲ್ಲ ಅಂತಾರೆ. ನಂಬಬೇಡಿ, ಅವನು ಹೇಳಿದ್ದು ಬುದ್ಧನಿಗೆ. ಮೂರು ಸಲ ಕೇಳೋ ಕ್ರಮ ಇಟ್ಟಿರೋದನ್ನ ಅಕ್ಷರಶಃ ಬಳಸಿ.

ಧರ್ಮದ ಪ್ರಶ್ನೆ. ಮೇಲೆ ಹೇಳಿದ ಯಾವುದಕ್ಕೂ ಮೂರ್ತಿ, ದೀಪ, ಮಂತ್ರ ಬೇಕಾಗಿಲ್ಲ, ಯಾರ ನಂಬಿಕೆನೂ ಮುಟ್ಟಬೇಕಾಗಿಲ್ಲ. ಕಥೆ ಹೇಳುವಾಗ ಇದು ಎಲ್ಲಿಂದ ಬಂತು ಅಂತ ಮುಚ್ಚಿಡೋದೂ ಬೇಡ, ಹೇಳಿ ಮುಂದಕ್ಕೆ ಹೋಗಿ. ನಿಮ್ಮ ಜೈನ ಮ್ಯಾನೇಜರ್‌ಗಳಿಗೆ ಇದು ಹೊಸದು ಅನ್ಸೋದೇ ಇಲ್ಲ, ಅವರಲ್ಲಿ ವರ್ಷಕ್ಕೊಮ್ಮೆ ಒಬ್ಬರನ್ನೊಬ್ಬರು ಕ್ಷಮೆ ಕೇಳೋ ಪದ್ಧತಿನೇ ಇದೆ.

ಇನ್ನು ಆ ಮೈಂಡ್‌ಫುಲ್‌ನೆಸ್ ಟ್ರೇನರ್ ವಿಷಯ, ತೆಗೆದುಹಾಕಬೇಕಾಗಿಲ್ಲ. ಸೆಷನ್ ಜಾಗದಿಂದ ಅವರನ್ನ ಶಿಫ್ಟ್ ಮುಗಿದ ಮೇಲಿನ ಹೊತ್ತಿಗೆ ಹಾಕಿ, ಬೇಕಾದವರು ಹೋಗಿ ಕೂರಲಿ, ಅಟೆಂಡೆನ್ಸ್ ಮಾತ್ರ ತಗೋಬೇಡಿ.